ಪ್ರೋಟೋಟೈಪ್ ಓಡ್ತಿದೆ, ಈಗ ಮೋಲ್ಡ್ ಮೊದಲೋ ಸರ್ಟಿಫಿಕೇಟ್ ಮೊದಲೋ?

ಕೋಳಿ ಫಾರಂ ಕಂಟ್ರೋಲರ್ ಟೇಬಲ್ ಮೇಲೆ ಮೂರು ವಾರದಿಂದ ನಿಲ್ಲದೆ ಓಡ್ತಿದೆ, ಆರು ತಿಂಗಳಲ್ಲಿ ಮಾರುಕಟ್ಟೆಗೆ ಬಿಡಬೇಕು, ಡಬ್ಬದ ಮೋಲ್ಡ್ (ಪ್ಲಾಸ್ಟಿಕ್ ಡಬ್ಬ ತೆಗೆಯೋ ಉಕ್ಕಿನ ಅಚ್ಚು) ಮೊದಲು ಮಾಡಿಸಲೋ, ಲ್ಯಾಬ್ ಟೆಸ್ಟ್ ಮಾಡಿಸಿ ಸರ್ಟಿಫಿಕೇಟ್ ಮೊದಲು ತಗೊಳ್ಳಲೋ ಅಂತ ಕೇಳಿ ಬರೆದಿದ್ದೀರಿ. "ಟೇಬಲ್ ಮೇಲೆ" ಅನ್ನೋದನ್ನ ಓದಿದ ಕೂಡಲೇ 2018ರ ನಮ್ಮ ರಾಜಾಜಿನಗರದ ಮಹಡಿ ಕಣ್ಮುಂದೆ ಬಂತು. ನಿಮ್ಮಂತೆಯೇ ನಾವೂ ಗೋಡೆಗೆ ಆರು ತಿಂಗಳ ಚಾರ್ಟ್ ಅಂಟಿಸಿದ್ವಿ.

ನಾವು ಮಾಡಿದ್ದು ಮೊಬೈಲ್ ಸ್ಟಾರ್ಟರ್. ಹೊಲದಲ್ಲಿರೋ ಬೋರ್‌ವೆಲ್ ಮೋಟಾರನ್ನ ಮನೆಯಿಂದ ಮಿಸ್ಡ್ ಕಾಲ್ ಕೊಟ್ಟು ಆನ್ ಮಾಡೋ ಪೆಟ್ಟಿಗೆ. ಥ್ರೀ ಫೇಸ್ ನಡುರಾತ್ರಿ ಕೊಟ್ರೆ ಟಾರ್ಚ್ ಹಿಡ್ಕೊಂಡು ಹಾವಿನ ಭಯದಲ್ಲಿ ಹೋಗೋನಿಗೆ ಇದು ಬೇಕೇ ಬೇಕು. ಅಂಥವು ಆಗಲೇ ಮಾರುಕಟ್ಟೆಯಲ್ಲಿದ್ವು, ನಮ್ಮದು ಅಗ್ಗ, ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿನ ಸಾಮಾನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಿ ತಿಂಗಳುಗಟ್ಟಲೆ ಓಡಿಸಿದ್ವಿ. ಒಂದು ಸಲವೂ ಕೈಕೊಡಲಿಲ್ಲ. ಒಬ್ಬ ಡೀಲರ್ ನೋಡಿ, "ಡಬ್ಬ ನೀಟಾಗಿ ಮಾಡ್ಕೊಂಡು ಬನ್ನಿ, 500 ಪೀಸ್ ನಾನೇ ಎತ್ತೀನಿ" ಅಂದ. ಅದೇ ವಾರ ಪೀಣ್ಯದಲ್ಲಿ ಅಚ್ಚು ಮಾಡೋ ಟೂಲ್ ರೂಮಿಗೆ ಹೋಗಿ ಎಬಿಎಸ್ ಪ್ಲಾಸ್ಟಿಕ್ ಡಬ್ಬಕ್ಕೆ ಮೋಲ್ಡ್ ಹೇಳಿಬಿಟ್ವಿ. 3,80,000 ರೂಪಾಯಿ, ಅರ್ಧ ಅಡ್ವಾನ್ಸ್. ಅಣ್ಣನ ದುಡ್ಡು.

ಮೋಲ್ಡ್ ಬಂತು, ಡಬ್ಬ ಬಂತು, ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ವಿ. ಆಮೇಲೆ ಹಿರಿಯೂರು ಕಡೆ ಒಂದು ಹೊಲಕ್ಕೆ ಹೋಗಿ ಅಲ್ಲಿ ಮೊದಲೇ ಇದ್ದ ಮೋಟಾರ್ ಸ್ಟಾರ್ಟರಿನ ಬಾಗಿಲು ತೆಗೆದ್ರೆ ಒಳಗೆ ಮೂರೇ ವೈರ್. ನಾನು ನಾಲ್ಕನೇ ವೈರ್, ಅಂದ್ರೆ ನ್ಯೂಟ್ರಲ್ ಹುಡುಕ್ತಿದ್ದೆ. ಹೊಲದ ಯಜಮಾನ್ರು ಬೀಡಿ ಆರಿಸಿ, "ಮೂರು ಬಿಟ್ರೆ ಇನ್ನೊಂದು ಎಲ್ಲೈತೆ ಸ್ವಾಮಿ?" ಅಂದ್ರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಥ್ರೀ ಫೇಸ್ ಮೋಟಾರಿಗೆ ನ್ಯೂಟ್ರಲ್ ಬೇಡ, ಅದಕ್ಕೇ ಹೆಚ್ಚಿನ ಕಡೆ ಸ್ಟಾರ್ಟರ್ ತನಕ ಅದನ್ನ ಎಳೆದಿರೋದೇ ಇಲ್ಲ. ಮೋಟಾರನ್ನ ಆನ್-ಆಫ್ ಮಾಡೋ ಸ್ವಿಚ್ಚು, ಅಂದ್ರೆ ಕಾಂಟ್ಯಾಕ್ಟರ್, ಅದರ ಕಾಯಿಲ್ ಕೂಡ ಎರಡು ಫೇಸ್ ನಡುವೆ ಕೂತಿರುತ್ತೆ. ಎರಡು ಫೇಸ್ ನಡುವೆ ಲೆಕ್ಕಕ್ಕೆ 415 ವೋಲ್ಟ್, ಊರಿನ ಲೋಡ್ ಇಳಿದಾಗ ಇನ್ನೂ ಏರುತ್ತೆ. ನಮ್ಮ ಬೋರ್ಡಿನ ಪವರ್ ಸಪ್ಲೈ ಒಂದು ಫೇಸ್, ನ್ಯೂಟ್ರಲ್ ನಡುವೆ ಸಿಗೋ 230 ವೋಲ್ಟಿನದ್ದು, 265 ದಾಟಿದ್ರೆ ಅದರ ಕಥೆ ಮುಗೀತು. ರಾಜಾಜಿನಗರದ ಪ್ಲಗ್‌ನಲ್ಲಿ ಫೇಸ್, ನ್ಯೂಟ್ರಲ್ ಎರಡೂ ಇತ್ತಲ್ಲ, ಹೊಲದಲ್ಲೂ ಇರುತ್ತೆ ಅಂದ್ಕೊಂಡಿದ್ವಿ. ಅಂದ್ಕೊಂಡಿದ್ವಿ ಅನ್ನೋದೂ ಸುಳ್ಳು, ಆ ಪ್ರಶ್ನೆಯೇ ತಲೆಗೆ ಬಂದಿರಲಿಲ್ಲ. (ಅಲ್ಲಿದ್ದ ಮೋಟಾರ್ ರಿಪೇರಿಯವನು ಕೇಸಿಂಗ್ ಪೈಪಿಗೆ ವೈರ್ ಸುತ್ತಿ ನ್ಯೂಟ್ರಲ್ ಮಾಡ್ಕೊಳ್ಳಿ ಅಂದ. ಯಾರೂ ಹಾಗೆ ಮಾಡಬೇಡಿ. ಆ ಪೈಪನ್ನ ಜನ ಒದ್ದೆ ಕೈಯಲ್ಲಿ ಮುಟ್ಟುತ್ತಾರೆ.)

ಪರಿಹಾರ ಸುಲಭ: 440 ವೋಲ್ಟ್ ಪ್ರೈಮರಿಯ, ಅಂದ್ರೆ ಎರಡು ಫೇಸ್ ನೇರ ಕೊಟ್ರೂ ತಡೆಯೋ ಪುಟ್ಟ ಟ್ರಾನ್ಸ್‌ಫಾರ್ಮರ್. ಆದ್ರೆ ಅದನ್ನ ಬೋರ್ಡ್ ಮೇಲೆ ಕೂರಿಸಿದ್ರೆ ಮುಚ್ಚಳ ಕೂರಲ್ಲ. ಏಳು ಮಿಲಿಮೀಟರ್ ಕಡಿಮೆ ಬಿತ್ತು! ಮೋಲ್ಡ್ ತಿದ್ದಿ ಅಂತ ಓಡಿದ್ವಿ. ಟೂಲ್ ರೂಮಿನ ಮೇಸ್ತ್ರಿ ಆ ಉಕ್ಕಿನ ದಿಮ್ಮಿ ಮೇಲೆ ಕೈಯಿಟ್ಟು ಹೇಳಿದ್ದು ಇನ್ನೂ ನೆನಪಿದೆ: "ಕೆತ್ತೋದು ಸುಲಭ ಸರ್, ಕೆತ್ತಿದ್ದನ್ನ ತುಂಬೋದು ಕಷ್ಟ." ಡಬ್ಬ ಆಳ ಆಗಬೇಕು ಅಂದ್ರೆ ಹೊರಗಿನ ಆಕಾರ ಕೊಡೋ ಕ್ಯಾವಿಟಿಯನ್ನ ಕೆತ್ತಬಹುದು, ಒಳಗಿನ ಆಕಾರ ಕೊಡೋ ಕೋರ್ ಮಾತ್ರ ಬೆಳೀಬೇಕು, ಉಕ್ಕು ಬೆಳೆಯಲ್ಲ. ಹೊಸ ಕೋರ್, ಮತ್ತೆ ಒಂದೂವರೆ ಲಕ್ಷ, ಎರಡು ತಿಂಗಳು. ಅಷ್ಟರಲ್ಲಿ ಬೇಸಿಗೆ ಕಳೀತು, ಡೀಲರ್ ಫೋನ್ ಎತ್ತೋದು ಬಿಟ್ಟ.

ಹಾಗಾಗಿ ಮೋಲ್ಡೋ ಸರ್ಟಿಫಿಕೇಟೋ ಅನ್ನೋ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಸರ್ಟಿಫಿಕೇಟ್ ಮೊದಲು ಮಾಡಿಸಿದ್ರೂ ನಮ್ಮ ಗತಿ ಅದೇ ಆಗ್ತಿತ್ತು: ಪವರ್ ಸಪ್ಲೈ ಬದಲಾದ್ರೆ ಟೆಸ್ಟ್ ಮತ್ತೆ, ಫೀಸ್ ಮತ್ತೆ. ಸಿಮ್ ಅಥವಾ ವೈಫೈ ಇದ್ರೆ ಡಬ್ಲ್ಯುಪಿಸಿ (ರೇಡಿಯೋ ಸಾಧನಗಳಿಗೆ ಅನುಮತಿ ಕೊಡೋ ಕೇಂದ್ರ ಸರ್ಕಾರದ ವಿಭಾಗ) ಅನುಮೋದನೆ ಆಗಲೇ ಇರೋ ಮಾಡ್ಯೂಲನ್ನೇ ಕೊಳ್ಳಿ, ಸಿಮ್ ಇದ್ರೆ ಟಿಇಸಿ (ಟೆಲಿಕಾಂ ಉಪಕರಣಗಳ ಪ್ರಮಾಣೀಕರಣ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ನಿಯಮ ಈಗಲೇ ಓದಿಡಿ, ಆದ್ರೆ ಲ್ಯಾಬಿಗೆ ಈಗಲೇ ದುಡ್ಡು ಕಟ್ಟಬೇಡಿ. ನಿಮ್ಮ ಚಾರ್ಟಿನಲ್ಲಿರೋ ಬಿಡುಗಡೆ ದಿನಾಂಕವನ್ನೂ ಅಳಿಸಿ. ಯಾರಿಗೂ ಮಾತು ಕೊಟ್ಟಿಲ್ಲ ತಾನೇ?

ಅಂಗಡಿಯಲ್ಲಿ ಸಿಗೋ ರೆಡಿ ಪ್ಲಾಸ್ಟಿಕ್ ಡಬ್ಬ ತಂದು, ತೂತು ಕೊರೆದು 20 ಪೀಸ್ ಮಾಡಿ. ಚೆಂದ ಬೇಕೇ ಬೇಕು ಅಂದ್ರೆ ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ಯಿಸಿ, ಒಂದು ಅಚ್ಚಿಗೆ ಸುಮಾರು 20 ಡಬ್ಬ ಬರುತ್ತೆ. ಎರಡನೇ ಸಲ ನಾವು ಮಾಡಿದ್ದೂ ಅದೇ, ರೆಡಿ ಡಬ್ಬದಲ್ಲೇ ಮೊದಲ 300 ಮಾರಿದ್ವಿ. ಡಬ್ಬ ಯಾಕೆ ಹೀಗಿದೆ ಅಂತ ಒಬ್ಬ ರೈತನೂ ಕೇಳಲಿಲ್ಲ.

ನಿಮ್ಮದು ಕೋಳಿ ಫಾರಂ. ಅಲ್ಲಿ ಧೂಳು, ತೇವ, ಮೇಲೆ ಅಮೋನಿಯಾ. ತಾಮ್ರ, ಹಿತ್ತಾಳೆ ಕನೆಕ್ಟರ್‌ಗಳನ್ನ ಅದು ತಿನ್ನುತ್ತೆ. ಮರಿ ಬಿಟ್ಟ ದಿನ ಆ ಪೀಸ್‌ಗಳನ್ನ ಫಾರಂ ಒಳಗೆ ತೂಗುಹಾಕಿ, ಬ್ರಾಯ್ಲರ್ ಲಾರಿ ಹತ್ತೋ ದಿನ ಬಿಚ್ಚಿ, ಸುಮಾರು 40 ದಿನ ಆಗುತ್ತೆ. ಬಿಚ್ಚಿದ ಬೋರ್ಡನ್ನ ಒರೆಸದೆ ಹಾಗೇ ಫೋಟೋ ತೆಗೆದು ಇಲ್ಲಿ ಹಾಕಿ, ನೋಡೋಣ.