“ಬೆಳಗ್ಗಿಂದ ನನಗೆ ಯಾರೂ ಊಟ ಹಾಕಿಲ್ಲ”

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತವರು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ, “ಈ ಕೈಯಲ್ಲಿ ಅಮ್ಮನಿಗೆ ಹೊಡೆದುಬಿಟ್ಟೆ ಮೇಡಂ” ಅಂದರು.

ಹಾಸನದ ಕಡೆಯ ಸಣ್ಣ ಊರು. 49 ವರ್ಷ, ಪ್ರೈಮರಿ ಶಾಲೆಯಲ್ಲಿ ಕೆಲಸ. ಇಲ್ಲಿ ಟೀಚರ್ ಅಂತಲೇ ಕರೆಯುತ್ತೇನೆ. ತಾಯಿಗೆ 78. ಮರೆವು ಶುರುವಾದಾಗ ಮನೆಯವರೆಲ್ಲ “ಅರವತ್ತಕ್ಕೆ ಅರಳುಮರಳು” ಅಂತ ಸುಮ್ನಿದ್ದರು. ಒಲೆ ಮೇಲೆ ಹಾಲಿಟ್ಟು ಗ್ಯಾಸ್ ಆರಿಸದೆ ಹೊರಟುಹೋದ ಮೇಲೆ ಡಾಕ್ಟರ ಹತ್ತಿರ ಹೋದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಗೊತ್ತಾಯಿತು.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಭಾನುವಾರ ವಿಡಿಯೋ ಕಾಲ್. ಆ ಐದು ನಿಮಿಷ ಅಮ್ಮ ನಗುನಗುತ್ತಾ ಮಾತಾಡುತ್ತಾರೆ. “ಚೆನ್ನಾಗೇ ಇದ್ದಾರಲ್ಲ ಅಕ್ಕ, ನೀನೇ ಜಾಸ್ತಿ ಟೆನ್ಷನ್ ಮಾಡ್ಕೋತೀಯ” ಅನ್ನುತ್ತಾನೆ.

ಅವತ್ತು ಸಂಜೆ ಆಗಿದ್ದಿಷ್ಟು. ಮುದ್ದೆ ಬಸ್ಸಾರು ಕೈಯಾರೆ ತಿನ್ನಿಸಿ ಮುಗಿದಿತ್ತು. ಪಕ್ಕದ ಮನೆಯವರು ಬಂದರು. ಅಮ್ಮ ಅವರ ಕೈ ಹಿಡಿದು, “ಬೆಳಗ್ಗಿಂದ ನನಗೆ ಯಾರೂ ಊಟ ಹಾಕಿಲ್ಲ ಕಣಮ್ಮ” ಅಂದರು. ಆ ಹೆಂಗಸು ತಿರುಗಿ ಟೀಚರ್ ಮುಖ ನೋಡಿದರು. ಹೊಡೆತಕ್ಕಿಂತ ಆ ನೋಟದ ಬಗ್ಗೆಯೇ ಟೀಚರ್ ನನ್ನ ಹತ್ತಿರ ಜಾಸ್ತಿ ಹೊತ್ತು ಮಾತಾಡಿದರು. ಪಕ್ಕದ ಮನೆಯವರು ಹೋದ ಮೇಲೆ ಅಮ್ಮ ನೀರಿನ ಲೋಟ ತಳ್ಳಿದರು. ಟೀಚರ್ ಅಮ್ಮನ ಕೈ ಮೇಲೆ ಹೊಡೆದರು. ಅಮ್ಮ ಅಳಲಿಲ್ಲ. “ನೀನು ಯಾರು?” ಅಂದರು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. “ನಿಮಗೆ ಅಂತ ಸ್ವಲ್ಪ ಟೈಮ್ ಮಾಡ್ಕೊಳ್ಳಿ, ಬೆಳಗ್ಗೆ ವಾಕಿಂಗ್ ಹೋಗಿ” ಅಂದೆ. ಅವರು ನಕ್ಕುಬಿಟ್ಟರು. “ರಾತ್ರಿ ನಾಲ್ಕು ಸಲ ಎದ್ದು ಬೆಡ್‌ಶೀಟ್ ಬದಲಿಸೋಳು ವಾಕಿಂಗ್ ಹೋಗ್ಬೇಕಾ ಮೇಡಂ?” ನ್ಯಾಯವಾದ ಪ್ರಶ್ನೆ ಅಲ್ವಾ? ಇನ್ನೊಂದು ಮಾತನ್ನೂ ಹೇಳಿದರು: “ಎಲ್ಲರೂ ನಿನಗೆ ಪುಣ್ಯ ಬರುತ್ತೆ ಅಂತಾರೆ. ಅಷ್ಟು ಹೇಳಿದ ಮೇಲೆ ನಾನು ಬಾಯಿ ಬಿಡೋದು ಹೇಗೆ?”

ನಮ್ಮಲ್ಲಿ ತಿಂಗಳ ಎರಡನೇ ಶನಿವಾರ ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ಆರೇಳು ಜನ ಸೇರುತ್ತಾರೆ. ಟೀ, ಬಿಸ್ಕತ್ತು, ಮಾತು. ಪುಣ್ಯದ ಮಾತು ಅಲ್ಲಿ ಯಾರೂ ಆಡುವುದಿಲ್ಲ. ಟೀಚರ್ ಬಂದ ದಿನ, ಅಪ್ಪನನ್ನು ನೋಡಿಕೊಳ್ಳುವ ಒಬ್ಬರು, “ಪೆನ್ಷನ್ ದುಡ್ಡು ಕದ್ದವನು ನಾನೇ ಅಂತಾರೆ. ಒಂದಿನ ಬಾತ್‌ರೂಮ್ ಬಾಗಿಲು ಹಾಕ್ಕೊಂಡು, ಬೇಗ ಕರ್ಕೊಂಡ್ಬಿಡು ದೇವರೇ ಅಂದೆ” ಅಂದರು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟೀಚರ್ ಕೇಳಿದರು: “ಸ್ನಾನಕ್ಕೆ ಸ್ಟೂಲ್ ಇಟ್ಟಿದ್ದೀರಾ, ಚೇರಾ? ನಮ್ಮಮ್ಮ ಸ್ಟೂಲ್ ಮೇಲೆ ಕೂರಲ್ಲ.” ಅಲ್ಲಿಂದ ಒಂದು ಗಂಟೆ ಅವರಿಬ್ಬರದೇ ಮಾತು.

ನಾನು ಕೊಟ್ಟ ಸಲಹೆಗೆ ಬರುತ್ತೇನೆ. ಹೊಡೆದಿದ್ದನ್ನು “ಪರವಾಗಿಲ್ಲ ಬಿಡಿ” ಅನ್ನಲಿಲ್ಲ. ಕೈ ಏಳುತ್ತಿದೆ ಅನ್ನಿಸಿದ ಕ್ಷಣ, ಅಮ್ಮ ಬೀಳದ ಹಾಗೆ ಕೂತಿದ್ದಾರಾ ಅಂತ ನೋಡಿ ಹಿತ್ತಲಿಗೆ ಹೋಗಿ, ಯಾರಿಗಾದರೂ ಫೋನ್ ಮಾಡಿ ಅಂದೆ. ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ. ಹಿರಿಯರ ವಿಷಯಕ್ಕೇ ಅಂತ 14567 ಸಹಾಯವಾಣಿ ಇದೆ.

ರಾತ್ರಿಯ ಗಲಾಟೆ ಎರಡೇ ವಾರದಲ್ಲಿ ಹೆಚ್ಚಾಗಿದ್ದು ನನಗೆ ಅನುಮಾನ ತಂದಿತು. ಡಿಮೆನ್ಷಿಯಾ ಸಾಮಾನ್ಯವಾಗಿ ನಿಧಾನವಾಗಿ ಹೆಚ್ಚುತ್ತದೆ. ದಿಢೀರ್ ಬದಲಾದರೆ ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಏನಾದರೂ ಇರಬಹುದು. ಡಾಕ್ಟರ ಹತ್ತಿರ ಕಳಿಸಿದೆ. ಸೋಂಕೇ ಆಗಿತ್ತು. ಔಷಧಿ ಆದ ಮೇಲೆ ನಾಲ್ಕು ಸಲ ಏಳುವುದು ಒಂದಕ್ಕೆ ಇಳಿಯಿತು. ಇವರ ಸಿಟ್ಟೂ ಅರ್ಧ ಇಳಿಯಿತು.

“ಊಟ ಹಾಕಿಲ್ಲ” ಅಂದರೆ “ಈಗ ತಾನೇ ತಿಂದೆಯಲ್ಲ” ಅಂತ ವಾದ ಬೇಡ. ಒಂದು ಬಟ್ಟಲಲ್ಲಿ ಕಡಲೆಪುರಿ ಕೊಡಿ ಅಂದೆ. ಸಂಜೆ ಕತ್ತಲಾಗುವ ಮುಂಚೆ ಲೈಟ್ ಹಾಕಿ. ಕೈಗೆ ಅವರೆಕಾಯಿ ಕೊಡಿ, ಸುಲಿಯಲಿ. ಸಿಪ್ಪೆ ಕಾಳು ಬೆರೆಸಿದರೂ ಬೈಯಬೇಡಿ. ಸ್ವಂತ ಮನೆಯಲ್ಲೇ ಕೂತು “ಮನೆಗೆ ಹೋಗ್ಬೇಕು” ಅಂದರೆ, “ಕಾಫಿ ಕುಡಿದು ಹೋಗೋಣ” ಅನ್ನಿ. ಸುಳ್ಳು ಹೇಳಿದ ಹಾಗಲ್ವಾ ಅಂತ ಟೀಚರ್ ಕೇಳಿದರು. ಆ ಹೊತ್ತಿಗೆ ಅಮ್ಮನಿಗೆ ಬೇಕಿರುವುದು ವಿಳಾಸ ಅಲ್ಲ ಅಂದೆ.

ತಮ್ಮನ ಮೇಲೆ, ಮಕ್ಕಳು ಹೆತ್ತವರನ್ನು ನೋಡಿಕೊಳ್ಳಬೇಕು ಅನ್ನುವ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದೂರು ಕೊಡು ಅಂತ ಸಂಬಂಧಿಕರೊಬ್ಬರು ಕಿವಿ ಊದಿದ್ದರು. ಕಾಯ್ದೆ ಇದೆ, ನಿಜ. ಆದರೆ ಅವನನ್ನು ಏನನ್ನೂ ಕೇಳದೆಯೇ ಅಲ್ಲಿಂದ ಶುರು ಮಾಡುವುದು ನನಗೆ ಸರಿ ಕಾಣಲಿಲ್ಲ. “ಸ್ವಲ್ಪ ನೋಡ್ಕೊಳೋ” ಅಂದರೆ ಅವನಿಗೆ ಏನೂ ಅರ್ಥ ಆಗುವುದಿಲ್ಲ. ಮೇ ತಿಂಗಳಲ್ಲಿ ಹತ್ತು ದಿನ ಬಂದಿರು, ರಾತ್ರಿ ಸಹಾಯಕಿಯ ಸಂಬಳ ನೀನು ಕೊಡು, ಹೀಗೆ ಲೆಕ್ಕ ಹಾಕಿ ಕೇಳಿ ಅಂದೆ.

ಸಂಬಳಕ್ಕೆ ಒಪ್ಪಿದ. ಹತ್ತು ದಿನ ಅಂದವನು ಆರೇ ದಿನ ಇದ್ದ. ಟೀಚರ್ ಮಗಳ ಹಾಸ್ಟೆಲ್ ಊರಿಗೆ ಹೋಗಿದ್ದರು. ಮೂರನೇ ದಿನ ಸಂಜೆ ಏಳಕ್ಕೆ ಅವನ ಫೋನ್: “ಅಕ್ಕ, ಅಮ್ಮ ಗೇಟ್ ಹತ್ತಿರ ನಿಂತ್ಕೊಂಡು ಮನೆಗೆ ಹೋಗ್ಬೇಕು ಅಂತಿದ್ದಾರೆ. ನಾನು ಯಾರು ಅಂತ ಕೇಳ್ತಿದ್ದಾರೆ. ಏನ್ ಮಾಡ್ಲಿ?”

“ಕಾಫಿ ಮಾಡು, ಸಕ್ಕರೆ ಕಡಿಮೆ ಹಾಕು” ಅಂದರಂತೆ ಟೀಚರ್.