ಅನುಮಾನ ಇರಲಿ, ಆದರೆ ಯಾರ ಮೇಲೆ?

ಓದುಗರ ಪತ್ರ: "ಸಂಪಾದಕರೇ, ಹೋದ ಸಂಚಿಕೆಯಲ್ಲಿ ಉಪಗ್ರಹಗಳು ಭೂಮಿಯ ಬಿಸಿ ಏರಿಸೋ ಮೀಥೇನ್ ಗ್ಯಾಸಿನ ಸೋರಿಕೆ ಪತ್ತೆ ಹಚ್ಚುತ್ತವೆ ಅಂತ ಬರೆದಿದ್ದೀರಿ. ಬಣ್ಣ ಇಲ್ಲ, ವಾಸನೆ ಇಲ್ಲ, ಅಂಥ ಗಾಳೀನ ಐನೂರು ಕಿಲೋಮೀಟರ್ ಮೇಲಿಂದ ನೋಡ್ತಾರೆ ಅಂದ್ರೆ ನಂಬೋದು ಹೇಗೆ? ನಾಳೆ ಮಳೆ ಬರುತ್ತೋ ಇಲ್ಲವೋ ಅಂತಾನೇ ಇವರಿಗೆ ಸರಿಯಾಗಿ ಹೇಳೋಕಾಗಲ್ಲ. ಹಸು ತೇಗಿದ್ರೂ ಮೀಥೇನ್ ಬರುತ್ತೆ ಅಂತಾರಲ್ಲ, ಇದೆಲ್ಲ ಕೊನೆಗೆ ಬಂದು ನಿಲ್ಲೋದು ನಮ್ಮ ಕೊಟ್ಟಿಗೆ ಮುಂದೆ. ಹಸು ಸಾಕಿದ್ದಕ್ಕೆ ಟ್ಯಾಕ್ಸ್ ಹಾಕೋಕೆ ಹೊರದೇಶದವರು ಹೂಡಿರೋ ಉಪಾಯ ಇದು. ನೀವೂ ಅಚ್ಚು ಹಾಕಿದ್ರಲ್ಲ ಅಂತ ಬೇಜಾರಾಯ್ತು."
(ಮಂಚೇನಹಳ್ಳಿ ಕಡೆಯ ಓದುಗರೊಬ್ಬರು)

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನನಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಅಚ್ಚಾಗಿದ್ದನ್ನೆಲ್ಲ ತಲೆ ಆಡಿಸಿ ಒಪ್ಪಿಕೊಳ್ಳುವವರು ಜಾಸ್ತಿಯಾಗಿರುವ ಕಾಲದಲ್ಲಿ "ನಂಬೋದು ಹೇಗೆ?" ಅಂತ ಕೇಳುವವರು ಬೇಕು. ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಇದನ್ನೇ ಕಲಿಸಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡವರ ಸಿಟ್ಟು ಕಟ್ಟಿಕೊಂಡರು. ಆದರೆ ಒಂದು ಮಾತು ಗಮನಿಸಿ. ಅವರು "ನಂಬಲ್ಲ" ಅಂತ ಹೇಳಿ ಎದ್ದು ಹೋಗಲಿಲ್ಲ, "ಪರೀಕ್ಷೆ ಮಾಡೋಣ, ಬನ್ನಿ" ಅಂದರು. ನಿಮ್ಮ ಪತ್ರ ಅರ್ಧ ದಾರಿಗೇ ನಿಂತುಬಿಟ್ಟಿದೆ ಅನ್ನುವುದೊಂದೇ ನನ್ನ ದೂರು.

ಮೊದಲು ಮಳೆಯ ವಿಷಯ. ನಾಳೆ ಏನಾಗುತ್ತೆ ಅಂತ ಊಹೆ ಮಾಡುವುದು ಬೇರೆ, ಈಗ ಏನಿದೆ ಅಂತ ಅಳೆಯುವುದು ಬೇರೆ. ಮೀಥೇನ್ ಹಿಡಿಯುವ ಉಪಗ್ರಹ ಭವಿಷ್ಯ ಹೇಳುವುದಿಲ್ಲ. ಬಿಸಿಲು ನೆಲಕ್ಕೆ ಬಿದ್ದು ವಾಪಸ್ ಮೇಲೆ ಹೋಗುತ್ತೆ ಅಲ್ವಾ? ಅದರಲ್ಲಿ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಇರುತ್ತವೆ. ಅವುಗಳಲ್ಲಿ ಕೆಲವನ್ನು ಮಾತ್ರ ಮೀಥೇನ್ ಹೀರಿಕೊಳ್ಳುತ್ತೆ. ಯಾವುದು ಎಷ್ಟು ಕಡಿಮೆಯಾಗಿದೆ ಅಂತ ನೋಡಿದರೆ ದಾರಿಯಲ್ಲಿ ಎಷ್ಟು ಮೀಥೇನ್ ಇತ್ತು ಅಂತ ಲೆಕ್ಕ ಸಿಗುತ್ತೆ. ಗಾಳಿಯ ವೇಗ ಸೇರಿಸಿದರೆ ಗಂಟೆಗೆ ಎಷ್ಟು ಸೋರುತ್ತಿದೆ ಅನ್ನುವುದೂ ಸಿಗುತ್ತೆ. ನಮ್ಮ ಗೋಬರ್ ಗ್ಯಾಸ್ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಇದೇ ಮೀಥೇನ್.

ದೂರದಿಂದ ಅಳೆಯುವುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸದೂ ಅಲ್ಲ. ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರ 1965ರಿಂದ ಇದೆ. ನಮ್ಮ ಹೊಲಗಳ ನಡುವೆ ಹೂತಿಟ್ಟ ಯಂತ್ರಗಳು ಸಾವಿರಾರು ಕಿಲೋಮೀಟರ್ ದೂರದ ದೇಶ ನೆಲದಡಿ ಅಣುಬಾಂಬ್ ಸಿಡಿಸಿದರೆ ಗೊತ್ತು ಮಾಡಿಕೊಳ್ಳುತ್ತವೆ. ಯಾರಿಗೂ ಕಾಣದ ಹಾಗೆ ಮಾಡಿದ ಕೆಲಸ ಇಲ್ಲಿ ಗೊತ್ತಾಗುತ್ತೆ. ಆ ದಾರಿಯಲ್ಲಿ ದಿನಾ ಬಸ್ಸಲ್ಲಿ ಓಡಾಡುವವರಿಗೂ ಇದು ಗೊತ್ತಿಲ್ಲ. ನಮ್ಮ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಅಂತ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತವೆ, ಪಕ್ಕದಲ್ಲೇ ಇಂಥದ್ದಿದೆ ಅಂತ ಒಂದು ಮಾತೂ ಹೇಳುವುದಿಲ್ಲ. ಈ ಸಂಕಟ ನನಗೆ ಬಹಳ ದಿನದ್ದು.

ಈಗ ನಿಮ್ಮ ಅಸಲಿ ಪ್ರಶ್ನೆ. ಅಳೆಯುವವನನ್ನು ಅಳೆಯುವವರು ಯಾರು?

ನಮ್ಮ ನೆಂಟರ ಊರಿನ ಹಾಲಿನ ಡೈರಿಯಲ್ಲಿ ನಡೆದದ್ದು ಹೇಳುತ್ತೇನೆ. ಫ್ಯಾಟ್ ಕಡಿಮೆ ತೋರಿಸುತ್ತೆ ಅಂತ ಎಲ್ಲರಿಗೂ ಅನುಮಾನ. ಯಂತ್ರದ ಕೆಂಪು ಅಂಕಿಗಳು ಸೆಕ್ರೆಟರಿ ಕಡೆಗೆ ತಿರುಗಿದ್ದವು. ಹಾಲು ಹಾಕುವವರಿಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ. ಬೈಯುವುದು ಎಲ್ಲರೂ ಬೈಯುತ್ತಿದ್ದರು. ಒಬ್ಬ ಹೆಣ್ಣುಮಗಳು ಮಾತ್ರ ಒಂದು ಬೆಳಗ್ಗೆ ಒಂದೇ ಹಸುವಿನ ಹಾಲನ್ನು ಚೆನ್ನಾಗಿ ಕಲಸಿ ಎರಡು ಕ್ಯಾನಿಗೆ ಸಮ ಮಾಡಿದರು. ಒಂದನ್ನು ತಮ್ಮ ಹೆಸರಲ್ಲಿ ಹಾಕಿ, ಇನ್ನೊಂದನ್ನು ಸಾಲಿನ ಕೊನೆಯಲ್ಲಿ ನಾದಿನಿ ಕೈಲಿ ಹಾಕಿಸಿದರು. ಎರಡು ಚೀಟಿ ಪಕ್ಕಪಕ್ಕ ಇಟ್ಟರು. ಅಂಕಿ ಬೇರೆ ಬೇರೆ ಬಂದಿತ್ತು. ಅವತ್ತೇ ಯಂತ್ರ ತೊಳೆಸಿ ಸರಿಮಾಡಿಸಿದರು, ಅಂಕಿಗಳನ್ನು ಜನರ ಕಡೆ ತಿರುಗಿಸಿದರು. ಆ ತಾಯಿ ಓದಿದ್ದು ಪ್ರೈಮರಿ ಶಾಲೆಯವರೆಗೆ.

ವಿಜ್ಞಾನಿಗಳೂ ಇದನ್ನೇ ಮಾಡಿದ್ದಾರೆ. 2021ರಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮೀಟರ್ ಇಟ್ಟು ಬೇಕೆಂದೇ ಮೀಥೇನ್ ಬಿಟ್ಟರು. ಎಷ್ಟು ಬಿಟ್ಟೆವು ಅನ್ನುವುದನ್ನು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕುವ ತಂಡಗಳಿಗೆ ಹೇಳಲಿಲ್ಲ. ಹಾಗೆ ಬಿಟ್ಟ ಸೋರಿಕೆಗಳಲ್ಲಿ ಐದು ತಂಡಗಳು ಸೇರಿ ಶೇಕಡ 71ರಷ್ಟನ್ನು ಸರಿಯಾಗಿ ಗುರುತಿಸಿದವು. ಅವರು ಕೊಟ್ಟ ಅಂದಾಜುಗಳಲ್ಲಿ ಮುಕ್ಕಾಲು ಭಾಗ, ಮೀಟರಿನ ಲೆಕ್ಕಕ್ಕಿಂತ ಅರ್ಧದಷ್ಟು ಹೆಚ್ಚು ಅಥವಾ ಕಡಿಮೆಯ ಒಳಗೇ ಇದ್ದವು. ಪೂರ್ತಿ ಸರಿಯೇ? ಅಲ್ಲ. ಸುಳ್ಳೇ? ಖಂಡಿತ ಅಲ್ಲ. ತಪ್ಪಿದ್ದನ್ನೂ ಸೇರಿಸಿ ಅವರು ಪ್ರಕಟಿಸಿದರು. ನಾನು ಮರ್ಯಾದೆ ಕೊಡುವುದು ಅದಕ್ಕೆ.

ನಿಮ್ಮ ವಾದಕ್ಕೂ ಬಲ ಇದೆ. ಮೋಡ ಕವಿದರೆ ಈ ಉಪಗ್ರಹಗಳಿಗೆ ನೆಲ ಕಾಣುವುದಿಲ್ಲ, ರಾತ್ರಿಯೂ ಕಾಣುವುದಿಲ್ಲ. ನಮ್ಮ ಮಳೆಗಾಲವೆಲ್ಲ ಹಾಗೇ ಕಳೆದುಹೋಗುತ್ತೆ. 2024ರ ಮಾರ್ಚಲ್ಲಿ ಹಾರಿಸಿದ ಮೀಥೇನ್‌ಸ್ಯಾಟ್ ಉಪಗ್ರಹ 2025ರ ಜೂನಲ್ಲೇ ಸಂಪರ್ಕ ಕಳಕೊಂಡಿತು. ಡೆನ್ಮಾರ್ಕ್ 2030ರಿಂದ ದನಗಳ ಮೀಥೇನ್ ಮೇಲೆ ತೆರಿಗೆ ಹಾಕಲು ತೀರ್ಮಾನಿಸಿರುವುದೂ ನಿಜ. ಆದರೆ ಅದು ತಲೆ ಎಣಿಸಿ ಮಾಡುವ ಲೆಕ್ಕ, ಅದಕ್ಕೆ ಉಪಗ್ರಹ ಬೇಕಿಲ್ಲ. 2021ರಲ್ಲಿ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ಕಡಿಮೆ ಮಾಡುತ್ತೇವೆ ಅಂತ ಸಹಿ ಹಾಕಿದಾಗ ಭಾರತ ಹಾಕಲಿಲ್ಲ. ಭತ್ತ ಬೆಳೆಯುವ, ದನ ಸಾಕುವ ಸಣ್ಣ ರೈತರ ಬದುಕು ಅದಕ್ಕೆ ಕಾರಣ ಅಂತ ಹೇಳಿತು.

ಇನ್ನು ನಿಮ್ಮ ಕೊಟ್ಟಿಗೆಯ ಲೆಕ್ಕ ನೋಡೋಣ. ಒಂದು ಹಸು ವರ್ಷಕ್ಕೆ 60 ಕೆಜಿ ಮೀಥೇನ್ ಬಿಡುತ್ತೆ ಅಂತ ಇಟ್ಟುಕೊಳ್ಳಿ. ಗಂಟೆಗೆ ಏಳು ಗ್ರಾಂ ಕೂಡ ಆಗಲ್ಲ. ಒಂದೊಂದೇ ಜಾಗವನ್ನು ಹತ್ತಿರದಿಂದ ನೋಡುವ ಒಳ್ಳೆಯ ಉಪಗ್ರಹಕ್ಕೂ ಗಂಟೆಗೆ 100 ಕೆಜಿ ಆಸುಪಾಸು ಇದ್ದರೆ ಮಾತ್ರ ಸರಿಯಾಗಿ ಕಾಣುವುದು. ಅಂದರೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಸುಗಳು ಒಂದೇ ಜಾಗದಲ್ಲಿ ನಿಂತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಂಥ ದೊಡ್ಡ ದನದ ಫಾರಂ ಒಂದು ಉಪಗ್ರಹಕ್ಕೆ ಕಂಡಿದೆ. ಮಂಚೇನಹಳ್ಳಿಯ ಎರಡು ಹಸು, ಒಂದು ಕರು ಕಾಣುವುದಿಲ್ಲ ಸ್ವಾಮಿ.

ಹಾಗಾದರೆ ಯಾರು ಕಾಣುತ್ತಾರೆ? ದೊಡ್ಡವರು! 2018ರಲ್ಲಿ ಅಮೆರಿಕದ ಓಹಾಯೊದಲ್ಲಿ ಒಂದು ಗ್ಯಾಸ್ ಬಾವಿ ಸಿಡಿದು 20 ದಿನ ಸೋರಿತು. ಸುಮಾರು 58,000 ಟನ್ ಹೋಯಿತು ಅಂತ ಗೊತ್ತಾಗಿದ್ದು ಯುರೋಪಿನ ಉಪಗ್ರಹದಿಂದ. 2023ರಲ್ಲಿ ಕಝಾಕಿಸ್ತಾನದ ಬಾವಿಯೊಂದು ಆರು ತಿಂಗಳಿಗೂ ಹೆಚ್ಚು ಕಾಲ ಉರಿಯುತ್ತ ಸೋರಿತು. 1,27,000 ಟನ್ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರೆ, ಕಂಪನಿಯವರು ಅಷ್ಟೆಲ್ಲ ಇಲ್ಲವೇ ಇಲ್ಲ ಅಂದರು. ಮೇಲಿಂದ ತೆಗೆದ ಚಿತ್ರಗಳು ಇಲ್ಲದಿದ್ದರೆ ಅವರ ಮಾತೇ ಕೊನೆಯ ಮಾತಾಗುತ್ತಿತ್ತು. ದೆಹಲಿ, ಮುಂಬೈಗಳ ಕಸದ ಗುಡ್ಡಗಳೂ ಹೀಗೇ ಸಿಕ್ಕಿಬಿದ್ದಿವೆ. ಮೀಥೇನ್ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಬಿಸಿ ಏರಿಸುತ್ತೆ. ಬರ ಬಂದಾಗ ಮೇವಿಲ್ಲದೆ ದನ ಮಾರುವವರು ಆ ಬಾವಿಯವರಲ್ಲ, ನೀವು. ನಿಮ್ಮ ಅನುಮಾನ ಅವರನ್ನು ಬಿಟ್ಟು ಅವರನ್ನು ಹಿಡಿದುಕೊಟ್ಟವರ ಮೇಲೆ ಹೋಗಿದೆಯಲ್ಲ, ನನ್ನ ನೋವು ಅದೇ.

ನನ್ನನ್ನು ಕೇಳಿದರೆ ಸಿಟ್ಟು ಬರಬೇಕಾದ ಅಂಕಿ ಇನ್ನೊಂದಿದೆ. ವಿಶ್ವಸಂಸ್ಥೆಯವರು ಉಪಗ್ರಹದಲ್ಲಿ ಕಂಡ ಸೋರಿಕೆಗಳ ಬಗ್ಗೆ ಸರ್ಕಾರಗಳಿಗೂ ಕಂಪನಿಗಳಿಗೂ ಸುಮಾರು 1,200 ಎಚ್ಚರಿಕೆ ಕಳಿಸಿದ್ದರು. 2024ರ ಹೊತ್ತಿಗೆ ಉತ್ತರ ಬಂದದ್ದು ನೂರಕ್ಕೆ ಒಂದರಂತೆ. ಉತ್ತರ ಕೊಟ್ಟ ಕಡೆ ಕೆಲಸ ಆಗಿದೆ. ಅಲ್ಜೀರಿಯಾದಲ್ಲಿ 1999ರಿಂದಲೂ ಸೋರುತ್ತಿದ್ದದ್ದು ಹೀಗೇ ನಿಂತಿತು. ಉಳಿದವರು ಆಗ ಸುಮ್ನೆ ಕೂತಿದ್ದರು.

ಇದು ದೂರದ ದೇಶದ ಕಥೆ ಅಂದುಕೊಳ್ಳಬೇಡಿ. ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕಂದವಾರ ಕೆರೆಗೆ, ಬೇರೆ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಬೇಕು ಅಂತ ರೈತರು ಕೇಳುತ್ತಲೇ ಇದ್ದಾರೆ. ಆ ನೀರಿನ ಪರೀಕ್ಷೆ ವರದಿ ಕೊಡಿ ಅಂತ ನಾನು ಒಂದು ಕಚೇರಿಗೆ ಹೋದರೆ "ಫೈಲ್ ಮೇಲಿನವರ ಹತ್ರ ಇದೆ" ಅಂದರು. ಮೇಲಿನವರ ಹತ್ತಿರ ಹೋದರೆ "ಕೆಳಗೆ ಕೇಳಿ" ಅಂದರು. ನೀರು ನಮ್ಮ ಕೆರೆಗೆ, ಅಂಕಿ ಅವರ ಬೀರುವಿಗೆ. ಇಡೀ ಪ್ರಪಂಚದ ಮೀಥೇನ್ ನಕ್ಷೆಯನ್ನು ನಮ್ಮ ಕಾಲೇಜು ಹುಡುಗರು ಮೊಬೈಲಲ್ಲಿ ದುಡ್ಡಿಲ್ಲದೆ ನೋಡಬಹುದು, ಮನೆ ಹಿಂದಿನ ಕೆರೆಯ ಅಂಕಿ ಮಾತ್ರ ನೋಡುವ ಹಾಗಿಲ್ಲ. ಕೆರೆ ಏರಿ ಮೇಲೆ ಒಂದು ಬೋರ್ಡ್ ನೆಟ್ಟು ತಿಂಗಳಿಗೊಮ್ಮೆ ಬರೆಯಲು ಎಷ್ಟು ಖರ್ಚಾಗುತ್ತೆ?

ನಿಮ್ಮ ಮುಂದಿನ ಪತ್ರ ಇದರ ಬಗ್ಗೆ ಬರೆಯಿರಿ. ಇಷ್ಟೇ ಖಾರವಾಗಿ ಬರೆಯಿರಿ, ಆದರೆ ವಿಳಾಸ ಆ ಕಚೇರಿಯದ್ದಾಗಿರಲಿ, ನಮಗೊಂದು ನಕಲು ಕಳಿಸಿ. ಮೊದಲ ಪುಟದಲ್ಲೇ ಹಾಕುತ್ತೇನೆ.