ಆ ಪ್ರಶ್ನೆಗೆ ಉತ್ತರ ಬಾಕಿಯಿದೆ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ಬದಿಗಿಟ್ಟೆ. ಬರೆದವರು ಹನ್ನೊಂದು ವರ್ಷದ ಹುಡುಗಿಯ ತಾಯಿ. ಅವರದು ದೈವಭಕ್ತಿಯುಳ್ಳ ಮನೆತನ. ಯಾವ ಧರ್ಮವೆಂದು ತಿಳಿಸಿಲ್ಲ, ನನಗೂ ಅದು ಬೇಕಾಗಿಲ್ಲ. ಮಗಳು ಶಾಲೆಯ ಗ್ರಂಥಾಲಯದಿಂದ ತಂದ ಕಾದಂಬರಿಯಲ್ಲಿ ಮಂತ್ರವಿದ್ಯೆ ಬಲ್ಲ ಹುಡುಗಿಯೊಬ್ಬಳಿದ್ದಾಳೆ. ತಮ್ಮನು ಕಾಯಿಲೆಯಿಂದ ತೀರಿಕೊಂಡ ಮೇಲೆ ಆಕೆ ಪ್ರಾರ್ಥನೆ ಮಾಡುವುದನ್ನೇ ಬಿಟ್ಟುಬಿಡುತ್ತಾಳೆ. ಮಕ್ಕಳು ಓದಬಾರದ ಪುಸ್ತಕಗಳ ಪಟ್ಟಿಯೊಂದನ್ನು ನಾದಿನಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದರು, ಅದರಲ್ಲಿ ಈ ಪುಸ್ತಕದ ಹೆಸರೂ ಇತ್ತು. ತಾಯಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮಗಳು ಮಾತು ಕಡಿಮೆ ಮಾಡಿದ್ದಾಳೆ. ‘ನಾನು ಮಾಡಿದ್ದು ಸರಿಯೇ?’ ಎಂದು ಅವರು ಕೇಳಿದ್ದಾರೆ.

ಸೋದರಿ, ಎರಡು ಪುಟಗಳ ನಿಮ್ಮ ಪತ್ರದಲ್ಲಿ ಮುಖ್ಯವಾದ ವಾಕ್ಯವನ್ನು ನೀವು ಹೋಗುವ ದಾರಿಯಲ್ಲಿ ಎಂಬಂತೆ ಬರೆದು ಮುಂದೆ ಸಾಗಿದ್ದೀರಿ. ‘ಆ ಹುಡುಗಿ ಪ್ರಾರ್ಥನೆ ಬಿಟ್ಟರೆ ದೇವರಿಗೆ ಅವಳ ಮೇಲೆ ಕೋಪ ಬರುತ್ತದೆಯೇ ಎಂದು ಮಗಳು ಬಂದು ಕೇಳಿದಳು, ಆಗಲೇ ನನಗೆ ಪುಸ್ತಕದ ವಿಷಯ ತಿಳಿದದ್ದು.’ ಅಂದರೆ ಆಕೆ ಕದ್ದು ಓದುತ್ತಿರಲಿಲ್ಲ, ನೀವು ಆಕೆಯನ್ನು ಹಿಡಿದದ್ದೂ ಅಲ್ಲ. ಮನಸ್ಸನ್ನು ಕಲಕಿದ ಕಥೆಯೊಂದನ್ನು ಕೈಯಲ್ಲಿ ಹಿಡಿದು, ಉತ್ತರ ಸಿಗುವ ಜಾಗ ಇದೇ ಎಂದು ನಂಬಿ ಅಮ್ಮನ ಬಳಿಗೆ ತಾನಾಗಿಯೇ ಬಂದವಳು ಅವಳು. ಇಷ್ಟು ವರ್ಷ ನೀವು ಕೊಟ್ಟ ಸಂಸ್ಕಾರ ಫಲಿಸಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಆಕೆಗೆ ಉತ್ತರ ಸಿಗಲಿಲ್ಲ, ಕೈಯಲ್ಲಿದ್ದ ಪುಸ್ತಕವೂ ಹೋಯಿತು. ಗ್ರಂಥಾಲಯದ ಪುಸ್ತಕವನ್ನು ಬೀಗದೊಳಗೆ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ ಎಂಬುದು ಬೇರೆ ಮಾತು.

ಮಕ್ಕಳು ಏನು ಓದಬೇಕೆಂದು ನೋಡುವ ಅಧಿಕಾರ ತಂದೆತಾಯಿಗೆ ಇಲ್ಲವೆಂದು ನಾನು ಹೇಳುವುದಿಲ್ಲ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿಯೇ ಮಗುವಿನ ಧಾರ್ಮಿಕ ಸ್ವಾತಂತ್ರ್ಯವನ್ನು ಮಾನ್ಯ ಮಾಡುತ್ತ, ಅದರಲ್ಲಿ ದಾರಿ ತೋರುವ ಹಕ್ಕು ಮತ್ತು ಕರ್ತವ್ಯ ಪೋಷಕರದೆಂದೂ, ಅದು ಮಗುವಿನ ಬೆಳೆಯುತ್ತಿರುವ ಸಾಮರ್ಥ್ಯಕ್ಕೆ ಹೊಂದುವಂತಿರಬೇಕೆಂದೂ ಹೇಳುತ್ತದೆ. ಇನ್ನು ಕಥೆಗಳನ್ನು ಸೋಸಿ ಕೊಡಬೇಕೆಂಬ ವಾದವೂ ಹೊಸದಲ್ಲ. ತಾಯಂದಿರೂ ದಾದಿಯರೂ ಒಪ್ಪಿತ ಕಥೆಗಳನ್ನಷ್ಟೇ ಮಕ್ಕಳಿಗೆ ಹೇಳಬೇಕು, ದೇವತೆಗಳು ಪರಸ್ಪರ ಕಾದಾಡುವ ಕಥೆಗಳು ಬೇಡ ಎಂದು ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ವಾದಿಸುತ್ತಾನೆ. ನಾನು ಆ ವಾದವನ್ನು ಒಪ್ಪುವುದಿಲ್ಲ. ಆದರೂ ಆತನ ಪರವಾಗಿ ಒಂದು ಮಾತು ಹೇಳಲೇಬೇಕು: ಗ್ರೀಕ್ ಮಹಾಕವಿ ಹೋಮರನ ಯಾವ ಸಾಲುಗಳು ಬೇಡವೆಂಬುದನ್ನು ಆ ಸಾಲುಗಳನ್ನೇ ಉದ್ಧರಿಸಿ ಆತ ತೋರಿಸುತ್ತಾನೆ. ತಾನು ಓದದ ಕಾವ್ಯವನ್ನು ಆತ ನಿಷೇಧಿಸಲಿಲ್ಲ.

ಓದದ ಪುಸ್ತಕದ ಮೇಲೆ ತೀರ್ಪು ಕೊಡಬಾರದೆಂದು ಈ ಅಂಕಣದಲ್ಲಿ ನಾನು ಎಷ್ಟೋ ಸಲ ಬರೆದಿದ್ದೇನೆ, ಓದುಗರಿಗೆ ಬೇಸರ ಬಂದಿದ್ದರೂ ಮತ್ತೆ ಬರೆಯುತ್ತೇನೆ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಮಗಳ ಶ್ರದ್ಧೆಗೆ ಕುಂದುಂಟಾದೀತೆಂಬ ಭಯದಲ್ಲಿ ತಾಯಿ ಆತುರಪಡುವುದು ಸಹಜ. ನನ್ನ ಕೋಪವಿರುವುದು ನಿಮ್ಮ ನಾದಿನಿಯ ಮೇಲೆ. ಯಾರೋ ಮಾಡಿದ ಪಟ್ಟಿಯನ್ನು ಇನ್ನಾರಿಂದಲೋ ಪಡೆದು, ಒಂದು ಪುಟವನ್ನೂ ತಿರುವಿ ನೋಡದೆ ಮುಂದೆ ತಳ್ಳಿದ ಆಕೆಗೆ ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಮಾತು ನಿಂತಿರುವುದು ನಿಮ್ಮ ಮನೆಯಲ್ಲಿ.

ನಿಮಗೆ ಭಯ ಹುಟ್ಟಿಸಿದ ಆ ಪ್ರಶ್ನೆ ಧರ್ಮಗ್ರಂಥಗಳಿಗೆ ಅಪರಿಚಿತವೇನಲ್ಲ. ಮಹಾಭಾರತದ ವನಪರ್ವದಲ್ಲಿ ದ್ರೌಪದಿ, ವಿಧಾತನು ಜೀವಿಗಳನ್ನು ಗೊಂಬೆಗಳಂತೆ ಆಡಿಸುತ್ತಾನೆಂದು ಧರ್ಮರಾಯನ ಎದುರಿಗೇ ದೂರುತ್ತಾಳೆ. ಆತ ಅದನ್ನು ನಾಸ್ತಿಕರ ಮಾತೆಂದು ಆಕ್ಷೇಪಿಸಿದರೂ ಆಕೆಯ ಮಾತು ಗ್ರಂಥದಲ್ಲಿ ಉಳಿದುಕೊಂಡಿದೆ. ನಮ್ಮ ದಾಸರು ದೇವರನ್ನು ಬೈದು ಹಾಡಿದ್ದನ್ನು ನಾವು ನಿಂದಾಸ್ತುತಿ ಎಂದು ಕರೆದು ಭಕ್ತಿಯಿಂದಲೇ ಹಾಡುತ್ತೇವೆ. ಬೈಬಲಿನ ಯೋಬನು ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ದೇವರೊಡನೆ ವಾದಕ್ಕಿಳಿಯುತ್ತಾನೆ; ಕೊನೆಯಲ್ಲಿ ದೇವರು ಅವನನ್ನು ಪ್ರಶ್ನೆಗಳಿಂದ ತಗ್ಗಿಸುವುದು ನಿಜ, ಆದರೆ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲವೆಂದು ಕೋಪಗೊಳ್ಳುವುದು ದೇವರ ಪರವಾಗಿ ಉಪದೇಶ ಮಾಡಲು ಬಂದಿದ್ದ ಗೆಳೆಯರ ಮೇಲೆ. ದುಃಖದಲ್ಲಿ ಪ್ರಾರ್ಥನೆ ಬಿಟ್ಟವಳ ಕಥೆಯನ್ನು ಮಗಳಿಂದ ಮುಚ್ಚಿಡುವುದಾದರೆ ಇವುಗಳಲ್ಲಿ ಎಷ್ಟನ್ನು ಮುಚ್ಚಿಡುತ್ತೀರಿ?

ಆದ್ದರಿಂದ ನಾನು ಹೇಳುವುದು ಒಂದೇ: ಇಂದು ರಾತ್ರಿ ಕಪಾಟಿನ ಬೀಗ ತೆಗೆದು ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ನೀವೇ ಓದಿ. ಓದುತ್ತಿರುವುದು ಮಗಳಿಗೆ ಕಾಣಲಿ. ಮುಗಿಸಿದ ಮೇಲೆ ಈ ವಯಸ್ಸಿಗೆ ಅದು ಸಲ್ಲದೆಂದೇ ನಿಮಗೆ ಅನಿಸಿದರೆ, ಯಾವ ಭಾಗ, ಏಕೆ ಎಂದು ಆಕೆಗೆ ವಿವರಿಸಿ, ಎರಡು ವರ್ಷ ಬಿಟ್ಟು ಓದೆಂದು ಹೇಳುವ ಹಕ್ಕು ಆಗ ನಿಮಗಿರುತ್ತದೆ. ಆಕೆ ವಾದಿಸಿದರೆ ಕೇಳಿಸಿಕೊಳ್ಳಿ. ದೇವರಿಗೆ ಕೋಪ ಬರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಎರಡು ವರ್ಷ ಕಾಯಿಸಬೇಡಿ, ನೀವು ನಿಜವಾಗಿ ನಂಬಿರುವುದನ್ನೇ ಹೇಳಿ. ನಾದಿನಿಯ ಪಟ್ಟಿಗೆ ಉತ್ತರ ಕೊಡಬೇಕಾಗಿಲ್ಲ. ಅವರೇ ವಿಚಾರಿಸಿದರೆ, ಅದರಲ್ಲಿರುವ ಯಾವ ಪುಸ್ತಕವನ್ನು ಓದಿದ್ದೀರೆಂದು ಕೇಳಿ ನೋಡಿ.